ಎರಡು ಸ್ಟ್ರೋಕಿನ ಎಂಜಿನೂ ಅಳತೆಯ ಕೆಲಸವೂ

(ಡೊಂಬಿವಲಿಯಲ್ಲಿ ನೆರೆದಿದ್ದ ಸಂಘದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಕೂಟದಲ್ಲಿ ಸಾಮಾನ್ಯವಾಗಿ ಸಂಬಳ, ರಜೆ, ಭವಿಷ್ಯನಿಧಿ, ಕೆಲಸದ ಹೊತ್ತು ಇವುಗಳ ಮಾತು ನಡೆಯುತ್ತದೆ. ಇಂದು ಮೋಟಾರ್ ಸೈಕಲಿನ ಎಂಜಿನಿನ ಮಾತು ಏಕೆ ಎತ್ತಿಕೊಂಡೆವು ಎಂದು ಕೆಲವರಿಗೆ ಅನಿಸಬಹುದು. ಕಾರಣವಿದೆ. ಠಾಣೆಯ ಹೋಟೆಲಿನಲ್ಲಿ ರಾತ್ರಿ ಗಲ್ಲಾ ಮುಚ್ಚಿ, ಪಾತ್ರೆ ತೊಳೆದು, ನೆಲ ಒರೆಸಿ ಹೊರಗೆ ಬಂದಾಗ ಕೊನೆಯ ಲೋಕಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ವಾಶಿ, ತುರ್ಭೆ, ಮಹಾಪೆಗಳಲ್ಲಿ ದುಡಿದು ಡೊಂಬಿವಲಿ, ಕಲ್ಯಾಣದಲ್ಲಿ ಮಲಗುವವರಿಗೆ ಶಿಳ್‌ಫಾಟಾದ ರಸ್ತೆಯೇ ದಿಕ್ಕು. ಆದುದರಿಂದ ನಮ್ಮ ಹುಡುಗರು ನಾಲ್ಕು ಕಾಸು ಕೂಡಿಸಿ ಹಳೆಯ ಬೈಕು ಕೊಳ್ಳುತ್ತಾರೆ. ಒಬ್ಬನಿಗೆ ಯಮಾಹಾ ಆರ್‌ಎಕ್ಸ್ ೧೦೦, ಇನ್ನೊಬ್ಬನಿಗೆ ಮೈಸೂರಿನ ಯೆಜ್ಡಿ, ಮತ್ತೊಬ್ಬನಿಗೆ ಬಜಾಜ್ ಚೇತಕ್ ಸ್ಕೂಟರು. ಇವೆಲ್ಲ ಎರಡು ಸ್ಟ್ರೋಕಿನವು.

ಕೊಂಡ ಕೆಲವೇ ದಿನಗಳಲ್ಲಿ ಯಾರೋ ಒಬ್ಬ ಕಿವಿಯಲ್ಲಿ ಊದುತ್ತಾನೆ: “ಪೋರ್ಟಿಂಗ್ ಪಾಲಿಶ್ ಮಾಡಿಸು, ಗಾಡಿ ಗುಂಡಿನ ಹಾಗೆ ಓಡುತ್ತದೆ.” ಹುಡುಗ ಸಿಲಿಂಡರು ಬಿಚ್ಚಿಸಿ ಕೊಡುತ್ತಾನೆ, ತಿಂಗಳ ಸಂಬಳ ಕೊಡುತ್ತಾನೆ. ಮರಳಿ ಬಂದದ್ದು ಕನ್ನಡಿಯಂತೆ ಹೊಳೆಯುತ್ತದೆ. ಒಳಗೆ ಏನು ಮಾಡಿದರು, ಎಷ್ಟು ಕೊರೆದರು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ, ಎಷ್ಟೋ ವೇಳೆ ಮಾಡಿದವನಿಗೂ ಗೊತ್ತಿಲ್ಲ. ನಮ್ಮ ಬೆವರಿನ ಹಣ ಹೋಗುವ ಕಡೆ ನಮ್ಮ ತಿಳಿವಳಿಕೆಯೂ ಜೊತೆಗೆ ಹೋಗಬೇಕು. ಅಷ್ಟಕ್ಕೇ ಈ ಮಾತು. ನಾವು ಎಂಜಿನಿಯರುಗಳಲ್ಲ. ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಜನರ ಜೊತೆ ಕುಳಿತು, ಕೇಳಿ, ಅಳೆದು, ಲೆಕ್ಕ ಹಾಕಿ ತಿಳಿದುದನ್ನು ಹೇಳುತ್ತೇವೆ.

ಮೊದಲು ಈ ಎಂಜಿನು ನಡೆಯುವ ಬಗೆ. ನಾಲ್ಕು ಸ್ಟ್ರೋಕಿನ ಎಂಜಿನಿನಲ್ಲಿ ಗಾಳಿ ಪೆಟ್ರೋಲು ಒಳಗೆ ಬರಲು, ಹೊಗೆ ಹೊರಗೆ ಹೋಗಲು ವಾಲ್ವುಗಳಿವೆ. ಎರಡು ಸ್ಟ್ರೋಕಿನದರಲ್ಲಿ ಅಂಥ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಟಕಿಗಳನ್ನು ಕೊರೆದಿರುತ್ತಾರೆ. ಈ ಕಿಟಕಿಗೇ ಪೋರ್ಟು ಎಂದು ಹೆಸರು. ಪಿಸ್ಟನ್ನು ಮೇಲೆ ಕೆಳಗೆ ಓಡಾಡುತ್ತ ತಾನೇ ಆ ಕಿಟಕಿಗಳನ್ನು ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಪಿಸ್ಟನ್ನು ಮೇಲಕ್ಕೆ ಹೋಗುವಾಗ ಅದರ ಕೆಳಗಿನ ಕ್ರ್ಯಾಂಕಿನ ಪೆಟ್ಟಿಗೆಯೊಳಗೆ ಹೊಸ ಗಾಳಿ ಪೆಟ್ರೋಲು ಎಳೆದುಕೊಳ್ಳುತ್ತದೆ. ಮೇಲೆ ಕಿಡಿ ಹತ್ತಿ ಉರಿದು ಪಿಸ್ಟನ್ನು ಕೆಳಗೆ ಬರುವಾಗ ಮೊದಲು ಎಗ್ಜಾಸ್ಟು ಪೋರ್ಟು ತೆರೆಯುತ್ತದೆ, ಉರಿದ ಹೊಗೆ ಹೊರಗೆ ನುಗ್ಗುತ್ತದೆ. ಇನ್ನೂ ಸ್ವಲ್ಪ ಕೆಳಗೆ ಬಂದರೆ ಟ್ರಾನ್ಸ್‌ಫರ್ ಪೋರ್ಟುಗಳು ತೆರೆಯುತ್ತವೆ, ಕೆಳಗಿನ ಪೆಟ್ಟಿಗೆಯಲ್ಲಿ ಒತ್ತಿ ನಿಂತಿದ್ದ ಹೊಸ ಮಿಶ್ರಣ ಮೇಲೆ ಚಿಮ್ಮಿ ಉಳಿದ ಹೊಗೆಯನ್ನು ತಳ್ಳುತ್ತದೆ.

ಹೋಟೆಲಿನ ಮಾತಿನಲ್ಲಿ ಹೇಳೋಣ. ಮಧ್ಯಾಹ್ನ ಊಟದ ಹೊತ್ತು, ಹಾಲು ತುಂಬಿದೆ, ಹೊರಗೆ ಸಾಲು ನಿಂತಿದೆ. ಉಂಡವರು ಹೋಗುವ ಬಾಗಿಲು ಮೊದಲು ತೆರೆಯಬೇಕು, ಹೊಸಬರು ಬರುವ ಬಾಗಿಲು ಆಮೇಲೆ. ಎರಡನ್ನೂ ಒಟ್ಟಿಗೆ ತೆರೆದರೆ ನೂಕುನುಗ್ಗಲು. ಹೋಗುವ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಊಟಕ್ಕೆ ಬಂದವನು ಎಲೆ ಮುಂದೆ ಕೂರದೆ ಆಚೆಯ ಬಾಗಿಲಿನಿಂದ ನೇರ ಹೊರಗೆ ಹೋಗುತ್ತಾನೆ. ಎಂಜಿನಿನಲ್ಲಿ ಹಾಗೆ ಹೋಗುವುದು ನಾವು ಕಾಸು ಕೊಟ್ಟು ಹಾಕಿಸಿದ ಪೆಟ್ರೋಲು. ಗಿರಣಿಯ ಹಿರಿಯರಿಗೆ ಬೇರೆ ಹೋಲಿಕೆ ಬೇಕಿಲ್ಲ. ಹಾಸಿನ ನೂಲು ಬಾಯಿ ತೆರೆದಾಗಲೇ ಲಾಳಿ ಹಾರಬೇಕು. ಒಂದು ಕ್ಷಣ ಮೊದಲಾದರೂ ನೂಲು ಕಡಿಯಿತು, ತಡವಾದರೂ ನೂಲು ಕಡಿಯಿತು. ಪೋರ್ಟಿನ ಕೆಲಸವೂ ಹಾಗೆಯೇ ಸಮಯದ ಕೆಲಸ.

ಈ ಕಿಟಕಿಯ ಎಂಜಿನಿನ ಹುಟ್ಟಿನಲ್ಲಿ ಒಬ್ಬ ಕಾರ್ಮಿಕನ ಕೈಯಿದೆ ಎಂಬುದನ್ನು ಇಲ್ಲಿ ಹೇಳಬೇಕು. ಇಂಗ್ಲೆಂಡಿನ ಜೋಸೆಫ್ ಡೇ ಎಂಬಾತ ೧೮೯೧ರಲ್ಲಿ ಕ್ರ್ಯಾಂಕಿನ ಪೆಟ್ಟಿಗೆಯಲ್ಲಿ ಮಿಶ್ರಣ ಒತ್ತುವ ಎರಡು ಸ್ಟ್ರೋಕಿನ ಎಂಜಿನಿಗೆ ಪೇಟೆಂಟು ಪಡೆದ. ಅದರಲ್ಲಿ ಇನ್ನೂ ವಾಲ್ವಿನ ಗೊಡವೆಯಿತ್ತು. ಅವನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಫ್ರೆಡರಿಕ್ ಕಾಕ್ ಎಂಬವನು, ಮಿಶ್ರಣ ಒಳಬರುವ ದಾರಿಯನ್ನೂ ಪಿಸ್ಟನ್ನಿನ ಅಂಚೇ ತೆರೆದು ಮುಚ್ಚುವಂತೆ ಮಾಡಿದ. ವಾಲ್ವು ಹೋಯಿತು, ಮೂರು ಪೋರ್ಟಿನ ಸರಳ ಎಂಜಿನು ಬಂತು. ಮುಂದೆ ಲಕ್ಷಾಂತರ ಬೈಕುಗಳು ಓಡಿದ್ದು ಆ ಉಪಾಯದ ಮೇಲೆ. ಪುಸ್ತಕಗಳಲ್ಲಿ ಡೇಯ ಹೆಸರು ದೊಡ್ಡದಾಗಿದೆ, ಕಾಕನದು ಒಂದು ಸಾಲು. ಇದು ನಮಗೆ ಹೊಸ ಸಂಗತಿಯೇನಲ್ಲ.

ಈಗ ಪೋರ್ಟಿಂಗ್ ಎಂದರೇನು? ಕಿಟಕಿಯ ಎತ್ತರ, ಅಗಲ, ಅಂಚುಗಳನ್ನು ಕೊರೆದು ಬದಲಾಯಿಸುವುದು. ಎತ್ತರ ಬದಲಾದರೆ ಸಮಯ ಬದಲಾಗುತ್ತದೆ. ಒಂದು ಲೆಕ್ಕ ಮಾಡೋಣ, ಶಾಲೆಯಲ್ಲಿ ಕಲಿತ ಗಣಿತ ಸಾಕು. ಆರ್‌ಎಕ್ಸ್ ೧೦೦ ಬೈಕಿನ ಸಿಲಿಂಡರಿನ ಬೋರು ೫೦ ಮಿಲಿಮೀಟರು, ಸ್ಟ್ರೋಕು ೫೦ ಮಿಲಿಮೀಟರು, ಒಟ್ಟು ೯೮ ಸಿ.ಸಿ. ಈ ಅಳತೆಯ ಒಂದು ಎಂಜಿನಿಗೆ ಕನೆಕ್ಟಿಂಗ್ ರಾಡು ೧೦೦ ಮಿಲಿಮೀಟರು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಪಿಸ್ಟನ್ನು ತುತ್ತತುದಿಯಿಂದ ೨೮.೨ ಮಿಲಿಮೀಟರು ಇಳಿದಾಗ ಕ್ರ್ಯಾಂಕು ೯೦ ಡಿಗ್ರಿ ತಿರುಗಿರುತ್ತದೆ. ಎಗ್ಜಾಸ್ಟು ಪೋರ್ಟಿನ ಮೇಲಂಚು ಅಲ್ಲಿದ್ದರೆ ಆ ಬಾಗಿಲು ೩೬೦ರಲ್ಲಿ ೧೮೦ ಡಿಗ್ರಿ ತೆರೆದಿರುತ್ತದೆ. ಮೇಲಂಚನ್ನು ಒಂದು ಮಿಲಿಮೀಟರು ಮೇಲಕ್ಕೆ ಕೊರೆದರೆ ಅದು ಸುಮಾರು ೧೮೪.೫ ಡಿಗ್ರಿ ಆಗುತ್ತದೆ. ಎರಡು ಮಿಲಿಮೀಟರು ಕೊರೆದರೆ ಸುಮಾರು ೧೮೯.

ಟ್ರಾನ್ಸ್‌ಫರ್ ಪೋರ್ಟು ಇನ್ನೂ ಕೆಳಗಿದೆ. ೩೯.೨ ಮಿಲಿಮೀಟರಿನಲ್ಲಿ ಅದರ ಮೇಲಂಚು ಇದ್ದರೆ ಅದು ೧೧೮ ಡಿಗ್ರಿಗೆ ತೆರೆದು ಒಟ್ಟು ೧೨೪ ಡಿಗ್ರಿ ತೆರೆದಿರುತ್ತದೆ. ಇಲ್ಲಿ ಒಂದು ಮಿಲಿಮೀಟರು ಕೊರೆದರೆ ಹತ್ತಿರ ಹತ್ತಿರ ೧೩೦ ಆಗುತ್ತದೆ. ನೋಡಿ, ಅದೇ ಒಂದು ಮಿಲಿಮೀಟರು, ಮೇಲಿನ ಕಿಟಕಿಯಲ್ಲಿ ನಾಲ್ಕೂವರೆ ಡಿಗ್ರಿ, ಕೆಳಗಿನದರಲ್ಲಿ ಆರು ಡಿಗ್ರಿ. ಪಿಸ್ಟನ್ನು ಕೆಳಗೆ ಬಂದಂತೆ ನಿಧಾನವಾಗುವುದೇ ಇದಕ್ಕೆ ಕಾರಣ. ಒಂದು ಮಿಲಿಮೀಟರು ಎಂದರೆ ಒಂದು ಕಡಲೆಬೇಳೆಯ ದಪ್ಪವೂ ಇಲ್ಲ. ತಿರುಗುವ ಗ್ರೈಂಡರು ಹಿಡಿದ ಕೈ ಒಮ್ಮೆ ಜಾರಿದರೆ ಅಷ್ಟು ಹೋಯಿತು. ಕೊರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ಲಾಭವೇನು? ಆರ್‌ಎಕ್ಸ್ ೧೦೦ ತನ್ನ ಪೂರ್ಣ ಶಕ್ತಿಯಾದ ೧೧ ಅಶ್ವಶಕ್ತಿ ಕೊಡುವುದು ನಿಮಿಷಕ್ಕೆ ೭,೫೦೦ ಸುತ್ತಿನಲ್ಲಿ. ಆ ವೇಗದಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಎಂಟು ಪಾಲು ಮಾತ್ರ. ೧೮೦ ಡಿಗ್ರಿಯ ಬಾಗಿಲಿಗೆ ನಾಲ್ಕು ಪಾಲು, ೧೨೪ ಡಿಗ್ರಿಯ ಬಾಗಿಲಿಗೆ ಮೂರಕ್ಕೂ ಕಡಿಮೆ. ಅಷ್ಟರಲ್ಲಿ ಹೊಗೆ ಹೋಗಬೇಕು, ಹೊಸದು ತುಂಬಬೇಕು. ಸುತ್ತು ಹೆಚ್ಚಿಸಿ ಇನ್ನೂ ಶಕ್ತಿ ಬೇಕೆಂದರೆ ಬಾಗಿಲು ಬೇಗ ತೆರೆಯಬೇಕು, ಅಗಲವಾಗಬೇಕು. ಆದರೆ ಅದೇ ಎಂಜಿನು ೩,೦೦೦ ಸುತ್ತಿನಲ್ಲಿ ಓಡುವಾಗ ಒಂದು ಸುತ್ತಿಗೆ ಇಪ್ಪತ್ತು ಪಾಲು ಸಮಯ ಸಿಗುತ್ತದೆ. ಆಗ ದೊಡ್ಡ ಬಾಗಿಲು ಬೇಕಿಲ್ಲ. ಹೊಸ ಮಿಶ್ರಣ ಸೋರಿ ಹೋಗುತ್ತದೆ. ಮೇಲಂಚು ಒಂದು ಮಿಲಿಮೀಟರು ಏರಿದಾಗ, ಬಾಗಿಲು ಮುಚ್ಚಿದ ಮೇಲೆ ಸಿಲಿಂಡರಿನಲ್ಲಿ ಒತ್ತಲು ಸಿಗುವ ಜಾಗದಲ್ಲೂ ಎರಡು ಸಿ.ಸಿ.ಯಷ್ಟು ಕಡಿಮೆಯಾಗುತ್ತದೆ. ಆದುದರಿಂದ ಕೆಳಗಿನ ವೇಗದಲ್ಲಿ ಎಳೆತ ಕುಂದುತ್ತದೆ.

ಈಗ ನಮ್ಮ ರಸ್ತೆಯನ್ನು ನೆನೆಯೋಣ. ಕಲ್ಯಾಣದ ಪತ್ರೀಪುಲ್‌ನಲ್ಲಿ, ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಸಂಜೆ ಹೊತ್ತು ನಾವು ಯಾವ ವೇಗದಲ್ಲಿ ಹೋಗುತ್ತೇವೆ? ಒಂದನೇ ಗೇರು, ಎರಡನೇ ಗೇರು, ಬ್ರೇಕು, ಮತ್ತೆ ಒಂದನೇ ಗೇರು. ಹಿಂದೆ ಹೆಂಡತಿಯೋ ಜೊತೆಗಾರನೋ, ಕೈಗೆ ತರಕಾರಿ ಚೀಲ. ನಮಗೆ ಬೇಕಾದದ್ದು ಕೆಳಗಿನ ಎಳೆತ. ಮೇಲಿನ ಸುತ್ತಿನ ಶಕ್ತಿಗೆಂದು ಕೊರೆಸಿದ ಎಂಜಿನು ಇಂಥ ರಸ್ತೆಯಲ್ಲಿ ಉಗುಳುತ್ತದೆ, ಕೆಮ್ಮುತ್ತದೆ, ಬಿಸಿಯಾಗುತ್ತದೆ, ಪೆಟ್ರೋಲು ಕುಡಿಯುತ್ತದೆ. ಪೋರ್ಟಿಂಗ್‌ನಿಂದ ಶಕ್ತಿ ಬರುವುದು ನಿಜ. ಅದು ಎಂಜಿನಿನ ಒಂದು ಕಿಸೆಯಿಂದ ತೆಗೆದು ಇನ್ನೊಂದು ಕಿಸೆಗೆ ಹಾಕಿದ ಶಕ್ತಿ. ಯಾವ ಕಿಸೆಯಿಂದ ಯಾವ ಕಿಸೆಗೆ ಎಂದು ಕೊರೆಯುವ ಮೊದಲೇ ತೀರ್ಮಾನಿಸಬೇಕು.

ಕೊರೆಯುವುದಾದರೂ ಕ್ರಮವಿದೆ. ಎಗ್ಜಾಸ್ಟು ತೆರೆದ ಮೇಲೆ ಟ್ರಾನ್ಸ್‌ಫರ್ ತೆರೆಯುವ ತನಕ ಇರುವ ಬಿಡುವು ಮುಖ್ಯ. ನಮ್ಮ ಲೆಕ್ಕದಲ್ಲಿ ಅದು ೯೦ರಿಂದ ೧೧೮ರ ತನಕ, ಎಂದರೆ ೨೮ ಡಿಗ್ರಿ. ಆ ಬಿಡುವಿನಲ್ಲಿ ಹೊಗೆಯ ಒತ್ತಡ ಇಳಿಯಬೇಕು. ಟ್ರಾನ್ಸ್‌ಫರನ್ನು ಮಾತ್ರ ಏರಿಸಿ ಎಗ್ಜಾಸ್ಟನ್ನು ಹಾಗೆಯೇ ಬಿಟ್ಟರೆ ಬಿಸಿ ಹೊಗೆ ಕೆಳಗಿನ ಪೆಟ್ಟಿಗೆಗೆ ನುಗ್ಗಿ ಹೊಸ ಮಿಶ್ರಣವನ್ನು ಕೆಡಿಸುತ್ತದೆ. ಇನ್ನು ಅಗಲ. ನಡುವೆ ಕಂಬವಿಲ್ಲದ ಒಂಟಿ ಎಗ್ಜಾಸ್ಟು ಪೋರ್ಟನ್ನು ಬೋರಿನ ನೂರಕ್ಕೆ ೬೫ಕ್ಕಿಂತ ಅಗಲ ಮಾಡುವುದು ರಸ್ತೆಯ ಗಾಡಿಗೆ ಅಪಾಯ. ೫೦ ಮಿಲಿಮೀಟರು ಬೋರಿಗೆ ಅದು ೩೨.೫ ಮಿಲಿಮೀಟರು. ಅದನ್ನು ದಾಟಿದರೆ ಪಿಸ್ಟನ್ ರಿಂಗು ಕಿಟಕಿಯೊಳಗೆ ಉಬ್ಬಿ ಅಂಚಿಗೆ ಸಿಕ್ಕಿ ತುಂಡಾಗುತ್ತದೆ. ಯೆಜ್ಡಿಯಂಥ ಬೈಕಿಗೆ ಎರಡು ಎಗ್ಜಾಸ್ಟು ಪೋರ್ಟು, ಎರಡು ಸೈಲೆನ್ಸರು. ಅಲ್ಲಿ ಎರಡು ಕಿಟಕಿಗಳ ನಡುವಿನ ಗೋಡೆಯನ್ನು ತೆಳ್ಳಗೆ ಮಾಡಬಾರದು. ಬಿಸಿಗೆ ಅದು ಉಬ್ಬಿ ಪಿಸ್ಟನ್ನನ್ನು ಕಚ್ಚುತ್ತದೆ.

ಕೊರೆದು ಮುಗಿದ ಮೇಲೆ ಎಲ್ಲ ಪೋರ್ಟುಗಳ ಅಂಚನ್ನು ಸಣ್ಣಗೆ ಇಳಿಜಾರಾಗಿ ಉಜ್ಜಬೇಕು, ಬೋರಿಗೆ ಹೋನಿಂಗ್ ಮಾಡಬೇಕು. ಇದನ್ನು ಬಿಟ್ಟರೆ ಚೂಪಾದ ಅಂಚು ಪ್ರತಿ ಸುತ್ತಿಗೂ ರಿಂಗನ್ನು ಹೆರೆಯುತ್ತದೆ. ಆಮೇಲೆ ತೊಳೆಯುವುದು. ಬಿಸಿನೀರು, ಸಾಬೂನು, ಬ್ರಷ್ಷು ಹಿಡಿದು ಎಮರಿಯ ಒಂದು ಕಣವೂ ಉಳಿಯದಂತೆ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರಬೇಕು. ತೊಳೆಯುವ ವಿಷಯದಲ್ಲಿ ಹೋಟೆಲಿನವರಾದ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೂ ಎಷ್ಟೋ ಸಿಲಿಂಡರು ಕೆಡುವುದು ಇಲ್ಲಿಯೇ. ಉಳಿದ ಪುಡಿ ಎಣ್ಣೆಯ ಜೊತೆ ಸೇರಿ ಅರೆಯುವ ಹಿಟ್ಟಾಗುತ್ತದೆ.

ಇನ್ನು ಪಾಲಿಶ್. ಬೆಳ್ಳಗಿರುವುದೆಲ್ಲ ಹಾಲಲ್ಲ. ಎಗ್ಜಾಸ್ಟಿನ ದಾರಿಯನ್ನು ನುಣುಪು ಮಾಡಿದರೆ ಮಸಿ ಬೇಗ ಕಟ್ಟುವುದಿಲ್ಲ, ಅದು ಒಳ್ಳೆಯದು. ಆದರೆ ಒಳಬರುವ ದಾರಿಯನ್ನೂ ಟ್ರಾನ್ಸ್‌ಫರಿನ ದಾರಿಯನ್ನೂ ಕನ್ನಡಿ ಮಾಡಿಸುವುದಕ್ಕೆ ಕಾಸು ಕೊಡುವ ಅಗತ್ಯವಿಲ್ಲ. ಅಲ್ಲಿ ಸಣ್ಣ ಎಮರಿಯ ಸಮನಾದ ಮೈ ಸಾಕು. ಬಹಳ ನುಣುಪಾದ ಗೋಡೆಗೆ ಪೆಟ್ರೋಲಿನ ಹನಿ ಅಂಟಿ ಹರಿಯುವುದೂ ಉಂಟು. ನಿಜವಾದ ಲಾಭ ಇರುವುದು ಬೇರೆ ಕಡೆ. ಎರಕ ಹೊಯ್ದಾಗ ಉಳಿದ ಲೋಹದ ಚಿಗುರುಗಳನ್ನು ತೆಗೆಯುವುದು, ಸಿಲಿಂಡರಿನ ಬಾಯಿಯೂ ಕೆಳಗಿನ ಪೆಟ್ಟಿಗೆಯ ಬಾಯಿಯೂ ನಡುವಿನ ಗ್ಯಾಸ್ಕೆಟ್ಟಿನ ಬಾಯಿಯೂ ಮೆಟ್ಟಿಲಿಲ್ಲದೆ ಒಂದಕ್ಕೊಂದು ಕೂಡುವಂತೆ ಮಾಡುವುದು. ಇದರಿಂದ ಸಮಯ ಬದಲಾಗದು, ಹರಿವು ಸಲೀಸಾಗುತ್ತದೆ. ರಸ್ತೆಯ ಗಾಡಿಗೆ ಇಷ್ಟೇ ಮಾಡಿಸಿದವನು ಜಾಣ. ಹೊರಗಿನಿಂದ ನೋಡಿದರೆ ಏನೂ ಹೊಳೆಯುವುದಿಲ್ಲ, ಅದಕ್ಕೇ ಇದನ್ನು ಯಾರೂ ಹೊಗಳುವುದಿಲ್ಲ.

ಪೋರ್ಟು ಒಂಟಿಯಾಗಿ ದುಡಿಯುವುದಿಲ್ಲ ಎಂಬುದೂ ನೆನಪಿರಲಿ. ಪೂರ್ವ ಜರ್ಮನಿಯ ಝೋಪೌ ಎಂಬ ಊರಿನ ಸರಕಾರಿ ಕಾರ್ಖಾನೆ ಎಂ.ಝಡ್.ನಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು ದುಡಿಯುತ್ತಿದ್ದ. ಸೈಲೆನ್ಸರಿನ ಕೊಳವೆಯೊಳಗೆ ಒತ್ತಡದ ಅಲೆ ಹೋಗಿ ಮರಳಿ ಬರುತ್ತದೆ, ಆ ಅಲೆ ಸರಿಯಾದ ಹೊತ್ತಿಗೆ ಮರಳಿದರೆ ಸೋರಿ ಹೋಗುತ್ತಿದ್ದ ಮಿಶ್ರಣವನ್ನು ಒಳಕ್ಕೆ ತಳ್ಳುತ್ತದೆ ಎಂಬುದನ್ನು ಆತ ಪಳಗಿಸಿದ. ಕೊಳವೆಯ ಉಬ್ಬು, ಇಳಿಜಾರು, ಉದ್ದ ಎಲ್ಲವನ್ನೂ ಪೋರ್ಟಿನ ಸಮಯಕ್ಕೆ ಹೊಂದಿಸಿದ. ೧೯೬೧ರಲ್ಲಿ ಅವನ ೧೨೫ ಸಿ.ಸಿ. ಎಂಜಿನು ೨೫ ಅಶ್ವಶಕ್ತಿ ಕೊಟ್ಟಿತು. ಅದೇ ವರ್ಷ ಅಲ್ಲಿನ ಸವಾರ ಅರ್ನ್‌ಸ್ಟ್ ಡೆಗ್ನರ್ ಆ ವಿದ್ಯೆಯೊಂದಿಗೆ ಜಪಾನಿನ ಸುಜುಕಿಯನ್ನು ಸೇರಿಕೊಂಡ. ೧೯೬೨ರಲ್ಲಿ ೫೦ ಸಿ.ಸಿ. ವರ್ಗದ ವಿಶ್ವ ಪ್ರಶಸ್ತಿ ಸುಜುಕಿಯದಾಯಿತು. ಪೋರ್ಟು, ಕೊಳವೆ, ಕಾರ್ಬ್ಯುರೇಟರು ಮೂರೂ ಒಂದೇ ವೇಗಕ್ಕೆ ಹೊಂದಿದಾಗಲೇ ಅಂಥ ಶಕ್ತಿ ಬರುತ್ತದೆ. ಆ ವೇಗದಿಂದ ಕೆಳಗಿಳಿದರೆ ಅದೇ ಅಲೆ ತಪ್ಪು ಹೊತ್ತಿಗೆ ಬಂದು ಕಾಟ ಕೊಡುತ್ತದೆ. ಪಂದ್ಯದ ಗಾಡಿಗೆ ಅದು ಸರಿ. ಬೆಳಗ್ಗೆ ಐದಕ್ಕೆ ಇಡ್ಲಿ ಹಿಟ್ಟಿನ ಕೆಲಸಕ್ಕೆ ಓಡುವ ಗಾಡಿಗೆ ಅಲ್ಲ.

ನಮ್ಮ ನಾಡಿನಲ್ಲೂ ಈ ಎಂಜಿನಿಗೆ ದೊಡ್ಡ ಕಥೆಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ೧೯೬೧ರಲ್ಲಿ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ಅಲ್ಲಿಂದ ಮೊದಲು ಜಾವಾ, ಮುಂದೆ ಯೆಜ್ಡಿ ಹೊರಬಂದವು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೧೮ರಲ್ಲಿ ಜಾವಾ ಹೆಸರು ಮಾರುಕಟ್ಟೆಗೆ ಮರಳಿತು, ಆದರೆ ಈಗಿನದು ನಾಲ್ಕು ಸ್ಟ್ರೋಕಿನ ಎಂಜಿನು. ೧೯೮೫ರಲ್ಲಿ ಬಂದ ಆರ್‌ಎಕ್ಸ್ ೧೦೦ರ ತಯಾರಿಕೆಯೂ ೧೯೯೬ರಲ್ಲೇ ನಿಂತಿತು. ಎಂದರೆ ಇಂದು ನಮ್ಮ ಹುಡುಗರ ಕೈಯಲ್ಲಿರುವ ಪ್ರತಿಯೊಂದು ಇಂಥ ಸಿಲಿಂಡರೂ ಮೂವತ್ತು ವರ್ಷದ ಆಸುಪಾಸಿನದು, ಇಲ್ಲವೆ ಇನ್ನೂ ಹಳೆಯದು. ಕಾರ್ಖಾನೆ ಎರಕ ಹೊಯ್ದ ಆ ಮೂಲ ಸಿಲಿಂಡರು ಇನ್ನು ಹುಟ್ಟುವುದಿಲ್ಲ. ಆ ಲೋಹಕ್ಕೆ ಗ್ರೈಂಡರು ಮುಟ್ಟಿಸುವ ಮೊದಲು ಎರಡು ಸಲ ಯೋಚಿಸಬೇಕಾದ ಇನ್ನೊಂದು ಕಾರಣ ಇದು.

ಅದಕ್ಕೂ ಮೊದಲು ಒಂದು ಮಾತು. “ಗಾಡಿ ಎಳೆಯುವುದಿಲ್ಲ” ಎಂದು ಪೋರ್ಟಿಂಗ್‌ಗೆ ಓಡುವವರ ಗಾಡಿಗೆ ಅನೇಕ ವೇಳೆ ಬೇರೆಯೇ ರೋಗವಿರುತ್ತದೆ. ಸೈಲೆನ್ಸರಿನಲ್ಲಿ ಮಸಿ ತುಂಬಿರುತ್ತದೆ. ಎಗ್ಜಾಸ್ಟು ಪೋರ್ಟು ಇಂಗಾಲ ಕಟ್ಟಿ ಅರ್ಧ ಮುಚ್ಚಿರುತ್ತದೆ. ರಿಂಗು ಸವೆದಿರುತ್ತದೆ. ಕ್ರ್ಯಾಂಕಿನ ಸೀಲು ಹರಿದು ಗಾಳಿ ಎಳೆಯುತ್ತಿರುತ್ತದೆ. ಏರ್ ಫಿಲ್ಟರಿಗೆ ಧೂಳು. ಒಲೆಯ ಚಿಮಣಿ ಮಸಿ ಕಟ್ಟಿದರೆ ನಾವು ಒಲೆಯನ್ನು ಒಡೆಯುವುದಿಲ್ಲ, ಚಿಮಣಿ ಗುಡಿಸುತ್ತೇವೆ. ಮೊದಲು ಇವನ್ನು ಸರಿಮಾಡಿಸಿ. ಕಾರ್ಖಾನೆ ಕೊಟ್ಟ ಶಕ್ತಿ ಮರಳಿ ಬಂದರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ, ಖರ್ಚೂ ಕಡಿಮೆ.

ಪೋರ್ಟು ಕೊರೆಸಿದ ಮೇಲೆ ಕಾರ್ಬ್ಯುರೇಟರಿನ ಮೇನ್ ಜೆಟ್ಟನ್ನು ಮತ್ತೆ ಹೊಂದಿಸಲೇಬೇಕು. ಹೆಚ್ಚು ಗಾಳಿ ನುಗ್ಗಿ ಪೆಟ್ರೋಲು ಕಡಿಮೆಯಾದರೆ ಉರಿ ಬಿಸಿಯಾಗುತ್ತದೆ. ಈ ಎಂಜಿನಿಗೆ ಎಣ್ಣೆ ಬರುವುದೂ ಆ ಮಿಶ್ರಣದ ಜೊತೆಯಲ್ಲೇ. ಬಿಸಿಗೆ ಪಿಸ್ಟನ್ನು ಉಬ್ಬಿ ಸಿಲಿಂಡರನ್ನು ಕಚ್ಚಿತೆಂದರೆ ಹಿಂದಿನ ಚಕ್ರ ತಟ್ಟನೆ ನಿಲ್ಲುತ್ತದೆ. ಶಿಳ್‌ಫಾಟಾ ರಸ್ತೆಯಲ್ಲಿ ನಡುರಾತ್ರಿ, ಹಿಂದೆ ಟ್ರೇಲರು ಬರುತ್ತಿರುವಾಗ ಹಾಗೆ ಆದರೆ ಏನು ಗತಿ ಎಂದು ನಾವು ವಿವರಿಸಬೇಕಿಲ್ಲ. ಊರಿನಲ್ಲಿ ತಿಂಗಳ ಹಣಕ್ಕೆ ಕಾಯುವವರಿದ್ದಾರೆ ಎಂಬುದನ್ನು ಮರೆಯದಿರಿ. ಎಂಜಿನು ಬಿಗಿಯಾಗುವ ಸುಳಿವು ಸಿಕ್ಕೊಡನೆ ಕ್ಲಚ್ಚು ಹಿಡಿಯಬೇಕು. ಎರಡು ಸ್ಟ್ರೋಕಿನ ಸವಾರನ ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲಿರಲಿ ಎಂಬ ಹಳಬರ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಕಾನೂನಿನ ಮಾತೂ ಇದೆ. ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮಿನಂತೆ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳ ತನಕ ಸಜೆ ಅಥವಾ ಒಂದೊಂದು ಬದಲಾವಣೆಗೆ ೫,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಹೊಗೆ ಮತ್ತು ಸದ್ದಿನ ನಿಯಮ ಮುರಿದರೆ ೧೦,೦೦೦ ರೂಪಾಯಿ ತನಕ ದಂಡ. ಪಿ.ಯು.ಸಿ. ಪರೀಕ್ಷೆಯಲ್ಲಿ ೨೦೦೦ದ ಮಾರ್ಚಿಗೆ ಮುಂಚಿನ ದ್ವಿಚಕ್ರಕ್ಕೆ ಕಾರ್ಬನ್ ಮೊನಾಕ್ಸೈಡು ನೂರಕ್ಕೆ ೪.೫, ಸುಡದ ಹೈಡ್ರೋಕಾರ್ಬನ್ನು ಹತ್ತು ಲಕ್ಷಕ್ಕೆ ೯,೦೦೦ ಭಾಗ ದಾಟಬಾರದು. ಎಗ್ಜಾಸ್ಟು ಬಾಗಿಲು ಅತಿಯಾಗಿ ಏರಿಸಿದ ಎಂಜಿನಿನಿಂದ ಹೊರಬೀಳುವುದು ಈ ಸುಡದ ಪೆಟ್ರೋಲೇ. ಓಟದ ಪಂದ್ಯದ ಹುಚ್ಚಿರುವವರು ಅದಕ್ಕೆಂದೇ ಇರುವ ಟ್ರ್ಯಾಕಿಗೆ ಹೋಗಲಿ. ಹಿಂದೆ ಮದರಾಸಿನ ಬಳಿಯ ಶೋಲಾವರಂನಲ್ಲಿ ಪಂದ್ಯಗಳು ನಡೆಯುತ್ತಿದ್ದವು, ೧೯೯೦ರಿಂದ ಇರುಂಗಾಟ್ಟುಕೋಟೈ ಇದೆ. ನವಿ ಮುಂಬಯಿಯ ಪಾಮ್ ಬೀಚ್ ರಸ್ತೆ ಟ್ರ್ಯಾಕಲ್ಲ. ಅಲ್ಲಿ ರಸ್ತೆ ಗುಡಿಸುವವರೂ ಕಾವಲುಗಾರರೂ ನಮ್ಮಂತೆಯೇ ರಾತ್ರಿ ಪಾಳಿಯವರು.

ಇನ್ನು ಗ್ರೈಂಡರು ಹಿಡಿಯುವ ಕೈಯ ಮಾತು. ಈ ಕೆಲಸ ಮಾಡುವವರೂ ಕಾರ್ಮಿಕರೇ, ಅವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಲೋಹದ ಪುಡಿ, ಎಮರಿಯ ಪುಡಿ ಮೂಗಿಗೂ ಕಣ್ಣಿಗೂ ಹೋಗುತ್ತದೆ. ಕೊರೆಯುವ ಬರ್ ಮುರಿದರೆ ಗುಂಡಿನ ಹಾಗೆ ಹಾರುತ್ತದೆ. ಕನ್ನಡಕವಿಲ್ಲದೆ, ಮೂಗಿಗೆ ಮಾಸ್ಕಿಲ್ಲದೆ ಈ ಕೆಲಸಕ್ಕೆ ಯಾರೂ ಕೂರಬಾರದು. ಪೆಟ್ರೋಲಿನಲ್ಲಿ ಕೈ ತೊಳೆಯುವ ಅಭ್ಯಾಸ ಬಿಡಬೇಕು. ಅದರಲ್ಲಿರುವ ಬೆನ್ಜೀನು ಕ್ಯಾನ್ಸರಿಗೆ ಕಾರಣವಾಗುವ ವಸ್ತು. ೨೦೧೬ರ ತಿದ್ದುಪಡಿಯ ನಂತರ ಹದಿನಾಲ್ಕು ತುಂಬದ ಮಗುವನ್ನು ಯಾವ ಗ್ಯಾರೇಜಿನಲ್ಲೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ, ಯಾವ ಹೋಟೆಲಿನಲ್ಲೂ ಇಟ್ಟುಕೊಳ್ಳುವಂತಿಲ್ಲ. ನಮ್ಮ ಗಾಡಿ ರಿಪೇರಿಗೆ ಹೋದಲ್ಲಿ ಅಂಥ ಮಗು ಕಂಡರೆ ಮುಖ ತಿರುಗಿಸಿ ಬರಬಾರದು.

ಹಾಗೆಯೇ, ಬಲ್ಲವನ ಕೂಲಿಗೆ ಚೌಕಾಸಿ ಮಾಡಬಾರದು. ಚೆನ್ನಾಗಿ ಅಳೆದು ಕೊರೆಯುವವನಿಗೆ ಒಂದು ಸಿಲಿಂಡರಿಗೆ ದಿನಗಟ್ಟಲೆ ಹಿಡಿಯುತ್ತದೆ. ಅವನ ಸಲಕರಣೆಗಳು ಸರಳ. ಕ್ರ್ಯಾಂಕಿನ ತುದಿಗೆ ಸಿಕ್ಕಿಸುವ ಡಿಗ್ರಿ ಚಕ್ರ, ಡಯಲ್ ಗೇಜು, ಕ್ಯಾಲಿಪರು, ಒಂದು ಹಾಳೆ ಕಾಗದ. ಕಾಗದವನ್ನು ಸಿಲಿಂಡರಿನೊಳಗೆ ಸುತ್ತಿ ಬೆರಳಿನಿಂದ ಒತ್ತಿ ಉಜ್ಜಿದರೆ ಎಲ್ಲ ಕಿಟಕಿಗಳ ಅಚ್ಚು ಮೂಡುತ್ತದೆ. ಬಿಡಿಸಿದರೆ ಅದೇ ಆ ಎಂಜಿನಿನ ಜಾತಕ. ಈ ಅಚ್ಚು ತೆಗೆಯದೆ ಗ್ರೈಂಡರು ಎತ್ತುವವನ ಕೈಗೆ ನಿಮ್ಮ ಸಿಲಿಂಡರನ್ನು ಕೊಡಬೇಡಿ.

ಆದುದರಿಂದ ನಾವು ಕೇಳುವುದು ಇಷ್ಟು. ಸಂಬಳಕ್ಕೆ ಚೀಟಿ ಕೇಳಲು ನಾವು ಕಲಿತಿದ್ದೇವೆ. ಅದೇ ರೀತಿ ಸಿಲಿಂಡರಿಗೂ ಅಳತೆಯ ಚೀಟಿ ಕೇಳಿ. ಅದರಲ್ಲಿ ಕೆಲಸಕ್ಕೆ ಮೊದಲು ಮತ್ತು ನಂತರ ಎಗ್ಜಾಸ್ಟಿನ ಎತ್ತರ, ಅದರ ಅಗಲ, ಟ್ರಾನ್ಸ್‌ಫರಿನ ಎತ್ತರ, ಪಿಸ್ಟನ್ನಿಗೂ ಬೋರಿಗೂ ಇರುವ ಸಂದು, ಮೇನ್ ಜೆಟ್ಟಿನ ಸಂಖ್ಯೆ ಬರೆದಿರಲಿ. ಜೊತೆಗೆ ಕಾಗದದ ಅಚ್ಚೂ ಇರಲಿ. ಬಲ್ಲ ಮೆಕ್ಯಾನಿಕನು ಇದನ್ನು ಸಂತೋಷದಿಂದ ಕೊಡುತ್ತಾನೆ, ಏಕೆಂದರೆ ಅದು ಅವನ ಕೈಗೆಲಸದ ಸಾಕ್ಷಿ. ಕೊಡಲು ಒಲ್ಲದವನು ಅಳೆದಿಲ್ಲ ಎಂದು ತಿಳಿಯಿರಿ. ನಾಳೆ ಸಿಲಿಂಡರು ಕೆಟ್ಟರೆ ಮಾತಿಗೆ ಮಾತು ಬೆಳೆಸುವ ಬದಲು ಚೀಟಿ ಮುಂದಿಟ್ಟು ಮಾತನಾಡಬಹುದು. ಇದು ಗ್ರಾಹಕನನ್ನೂ ಕಾಯುತ್ತದೆ, ಕೆಲಸಗಾರನನ್ನೂ ಕಾಯುತ್ತದೆ.

ಎರಡನೆಯದಾಗಿ, ಕಲಿಯಿರಿ. ತಟ್ಟೆ ಎತ್ತುವ ಕೈ ಡಿಗ್ರಿ ಚಕ್ರ ಓದಲಾರದು ಎಂದು ಯಾರೂ ತಿಳಿಯಬೇಕಿಲ್ಲ. ಗುಜರಿಯಲ್ಲಿ ಕೆಟ್ಟ ಸಿಲಿಂಡರು ಅಗ್ಗಕ್ಕೆ ಸಿಗುತ್ತದೆ. ಸಂಘದ ಕೋಣೆಯಲ್ಲಿ ರಜೆಯ ದಿನ ಅಂಥ ಒಂದೆರಡನ್ನು ಇಟ್ಟು, ಅಚ್ಚು ತೆಗೆಯುವುದನ್ನೂ ಅಳೆಯುವುದನ್ನೂ ಲೆಕ್ಕ ಹಾಕುವುದನ್ನೂ ತೋರಿಸಿಕೊಡಲು ಗ್ಯಾರೇಜಿನ ಗೆಳೆಯರು ಒಪ್ಪಿದ್ದಾರೆ. ಗಿರಣಿಯ ಹಿರಿಯರೂ ಬರಬೇಕು. ಮಗ್ಗದ ಸಮಯ ಹೊಂದಿಸಿದ ಕಣ್ಣಿಗೆ ಇದು ಹೊಸದಲ್ಲ. ೧೯೮೨ರ ಮುಷ್ಕರದ ನಂತರ ಎಷ್ಟೋ ಗಿರಣಿಗಳು ಬಾಗಿಲು ಹಾಕಿದವು, ಆದರೆ ಆ ಕಣ್ಣಿನ ಅಳತೆ ಇನ್ನೂ ನಿಮ್ಮಲ್ಲಿದೆ. ಅದನ್ನು ನಮ್ಮ ಹುಡುಗರಿಗೆ ಕೊಟ್ಟು ಹೋಗಿ.

ಬರುವಾಗ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು, ಒಂದು ಸ್ಕೇಲು ತನ್ನಿ. ಗ್ರೈಂಡರು ಬೇಡ. ಮೊದಲ ಒಂದು ತಿಂಗಳು ಯಾರೂ ಏನನ್ನೂ ಕೊರೆಯುವುದಿಲ್ಲ, ಅಳೆಯುವುದು ಮಾತ್ರ.